ಡೆಕೇಟರ್ ಬೀದಿಯ ದುಂಡು ಬ್ರೆಡ್ಡು

ಊರಿನಿಂದ ನೆಂಟರು ಬಂದರೆ ನಾವೆಲ್ಲ ಮೊದಲು ಕರೆದೊಯ್ಯುವುದು ನ್ಯೂ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರಿಗೆ. ಬೆನ್ಯೇ ಎಂಬ ತಿಂಡಿ ತಿನ್ನಿಸಿ, ಕಬ್ಬಿಣದ ಕಟಕಟೆಯ ಬಾಲ್ಕನಿಗಳ ಮುಂದೆ ಫೋಟೋ ತೆಗೆಸಿ ವಾಪಸು ಕರೆತರುತ್ತೇವೆ. ಹೆಸರು ಫ್ರೆಂಚರದ್ದು. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಆ ಕೇರಿಯ ಕೆಳಭಾಗವನ್ನು ಊರಿನ ಜನ ಕರೆಯುತ್ತಿದ್ದದ್ದು ‘ಲಿಟಲ್ ಪಲೆರ್ಮೊ’ ಎಂದು. ಅಲ್ಲಿ ತುಂಬಿದ್ದವರು ಇಟಲಿಯ ಸಿಸಿಲಿಯವರು.

ಅವರು ಬಂದದ್ದು ನಿಂಬೆಹಣ್ಣಿನ ದಾರಿ ಹಿಡಿದು. ಸಿಸಿಲಿಯ ಪಲೆರ್ಮೊದಿಂದ ಇಲ್ಲಿಗೆ ನಿಂಬೆ, ಕಿತ್ತಳೆ ಹೊತ್ತು ಹಡಗುಗಳು ಬರುತ್ತಿದ್ದವು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಲೂಯಿಸಿಯಾನದ ಕಬ್ಬಿನ ತೋಟಗಳ ಧಣಿಗಳಿಗೆ ಆಳುಗಳು ಬೇಕಾದರು; ಅದೇ ದಾರಿಯಲ್ಲಿ ಜನರೂ ಬಂದರು. ಬೇಸಾಯದ ಮಂದಿ. ಕಬ್ಬು ಕಡಿದು ನಾಲ್ಕು ಕಾಸು ಕೂಡಿಟ್ಟವರಲ್ಲಿ ಎಷ್ಟೋ ಜನ ಪಟ್ಟಣ ಸೇರಿ ಫ್ರೆಂಚ್ ಮಾರ್ಕೆಟ್ಟಿನಲ್ಲಿ ಹಣ್ಣು ತರಕಾರಿ ಮಾರಲು ಕುಳಿತರು.

ಊರು ಅವರನ್ನು ಆದರದಿಂದ ಕಂಡಿತೆಂದು ಯಾರೂ ಹೇಳಲಾರರು. 1890ರ ಅಕ್ಟೋಬರಿನಲ್ಲಿ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನೆಸಿಯನ್ನು ಯಾರೋ ಗುಂಡಿಕ್ಕಿ ಕೊಂದರು. ಆಪಾದನೆ ಇಟಲಿಯವರ ಮೇಲೆ ಬಂತು. ವಿಚಾರಣೆಯಲ್ಲಿ ಒಬ್ಬನ ಮೇಲೂ ತಪ್ಪು ಸಾಬೀತಾಗಲಿಲ್ಲ. ಮರುದಿನವೇ, 1891ರ ಮಾರ್ಚ್ 14ರಂದು, ಸಾವಿರಾರು ಜನ ಜೈಲಿಗೆ ನುಗ್ಗಿ 11 ಮಂದಿಯನ್ನು ಕೊಂದರು. ಅದಕ್ಕೆ ಮೇಯರ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ.

ಆ ಕೊಲೆಗಳಾಗಿ 15 ವರ್ಷಕ್ಕೆ, 1906ರಲ್ಲಿ, ಸಿಸಿಲಿಯಿಂದ ಬಂದ ಸಾಲ್ವತೋರೆ ಲೂಪೊ ಡೆಕೇಟರ್ ಬೀದಿಯಲ್ಲಿ, ಮಾರ್ಕೆಟ್ಟಿನ ಮಗ್ಗುಲಿಗೇ ಸೆಂಟ್ರಲ್ ಗ್ರೋಸರಿ ತೆರೆದ. ಮುಂದಿನದು ಅವನ ಮಗಳು ಮರಿ ಲೂಪೊ ಟೂಸಾ ತಮ್ಮ ಅಡುಗೆ ಪುಸ್ತಕದಲ್ಲಿ ಹೇಳಿರುವ ಮಾತು. ಮಾರ್ಕೆಟ್ಟಿನ ರೈತರು ಮಧ್ಯಾಹ್ನ ಅಂಗಡಿಗೆ ಬಂದು ಸಲಾಮಿ, ಹ್ಯಾಮ್, ಚೀಸು, ಆಲಿವ್ ಸಲಾಡು ಎಲ್ಲ ಬೇರೆ ಬೇರೆ ತೆಗೆದುಕೊಂಡು, ಪೀಪಾಯಿ, ಪೆಟ್ಟಿಗೆಗಳ ಮೇಲೆ ಕೂತು, ತೊಡೆಯ ಮೇಲೆ ಹರವಿಕೊಂಡು ತಿನ್ನಲು ಪರದಾಡುತ್ತಿದ್ದರು. ಬ್ರೆಡ್ಡು ಸೀಳಿ ಎಲ್ಲವನ್ನೂ ಒಳಗಿಟ್ಟು ಕೊಡುತ್ತೇನೆಂದ ಲೂಪೊ. ಉದ್ದನೆಯ ಹೆಣೆದ ಬ್ರೆಡ್ಡು ಕಚ್ಚಲು ಗಟ್ಟಿಯಾಯಿತು. ಎಳ್ಳು ಮೆತ್ತಿದ ಮೆತ್ತನೆಯ ದುಂಡು ಬ್ರೆಡ್ಡು ಒಗ್ಗಿತು. ಅದರ ಹೆಸರು ಮಫಲೆಟಾ, ಸಿಸಿಲಿಯಿಂದಲೇ ಬಂದದ್ದು.

ಪಕ್ಕದಲ್ಲೇ ಇದ್ದ ಪ್ರೋಗ್ರೆಸ್ ಗ್ರೋಸರಿಯವರೂ ಈ ಸ್ಯಾಂಡ್‌ವಿಚ್ಚು ತಮ್ಮದೆಂದವರೇ. ನನಗಂತೂ ಈ ವ್ಯಾಜ್ಯದಲ್ಲಿ ರುಚಿಯಿಲ್ಲ. ಹಸಿದ ಮಾರ್ಕೆಟ್ಟಿನಲ್ಲಿ ಬ್ರೆಡ್ಡು ಸೀಳುವ ಯೋಚನೆ ಒಬ್ಬನಿಗೇ ಹೊಳೆಯಬೇಕೆಂದೇನಿಲ್ಲ.

ಗುಟ್ಟು ಇರುವುದು ಆಲಿವ್ ಸಲಾಡಿನಲ್ಲಿ. ಜಜ್ಜಿದ ಆಲಿವ್, ಸೆಲರಿ, ಹೂಕೋಸು, ಗಜ್ಜರಿ, ಬೆಳ್ಳುಳ್ಳಿ, ಒರೆಗಾನೊ ಎಲ್ಲವೂ ಎಣ್ಣೆಯಲ್ಲಿ ನೆನೆದಿರುತ್ತವೆ. ನಮ್ಮ ಉಪ್ಪಿನಕಾಯಿಯ ಹಾಗೆ ಇದಕ್ಕೂ ಹೊತ್ತು ಕಳೆದಷ್ಟೂ ರುಚಿ. ಸುಮಾರು 10 ಇಂಚು ಅಗಲದ ಬ್ರೆಡ್ಡಿಗೆ ಆ ಎಣ್ಣೆ ಇಳಿಯಬೇಕು. ಹಾಗಾಗಿ ಕಾಗದದಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಡಬೇಕು, ಬಿಸಿ ಮಾಡಬಾರದು ಎಂಬುದು ಹಳಬರ ಪಟ್ಟು. ನೆಪೋಲಿಯನ್ ಹೌಸ್ ರೆಸ್ಟೋರೆಂಟಿನಲ್ಲಿ ಬಿಸಿಯಾಗಿಯೇ ಕೊಡುತ್ತಾರೆ, ಜನ ತಿನ್ನುತ್ತಾರೆ.

ನಮ್ಮಲ್ಲಿ ಮಾಂಸ ಮುಟ್ಟದವರು ಆಲಿವ್ ಸಲಾಡಿನ ಜಾಡಿಯನ್ನಷ್ಟೇ ಕೊಂಡು ತರಬಹುದು. ಚಪಾತಿಯೊಳಗೆ ಚೀಸಿನ ಜೊತೆ ಸುತ್ತಿದರೆ ಮಕ್ಕಳ ಡಬ್ಬಿ ಖಾಲಿಯಾಗಿ ಬರುತ್ತದೆ. 2021ರ ಐಡಾ ಚಂಡಮಾರುತದಲ್ಲಿ ಜಖಂಗೊಂಡು ಮುಚ್ಚಿದ್ದ ಸೆಂಟ್ರಲ್ ಗ್ರೋಸರಿ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದೆ. ಸ್ಯಾಂಡ್‌ವಿಚ್ಚೇ ಬೇಕೆನ್ನುವವರು ಅರ್ಧ ಕೇಳಿ. ಇಡಿಯದು ಮೂರು ನಾಲ್ಕು ಜನಕ್ಕಾಗುತ್ತದೆ.