ಶಿಲೆಯ ಕಾಲ, ಘಟನೆಯ ಕಾಲ: ಜಾರ್ಜಿಯಾದ ಡಿಕಾಲ್ಬ್ ಕೌಂಟಿಯ ಯುದ್ಧಸ್ಮಾರಕಗಳು ಮತ್ತು ಇತಿಹಾಸ ಫಲಕಗಳು

ಸ್ಮಾರಕ ಶಿಲೆಯೊಂದನ್ನು ಅಧ್ಯಯನಕ್ಕೆ ತೆಗೆದುಕೊಂಡಾಗ ಶಾಸನತಜ್ಞರು ಎರಡು ಕಾಲಗಳನ್ನು ಬೇರ್ಪಡಿಸಿ ನೋಡುತ್ತಾರೆ. ಒಂದು, ಘಟನೆ ನಡೆದ ಕಾಲ. ಮತ್ತೊಂದು, ಶಿಲೆಯನ್ನು ನಿಲ್ಲಿಸಿದ ಕಾಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಇವೆರಡರ ನಡುವಣ ಅಂತರ ಅಲ್ಪ. ತಕ್ಕೋಲದ ಕದನವನ್ನೂ ಮಣಲೇರನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನೂ ಹೇಳುವ ಆತಕೂರು ಶಾಸನವನ್ನು ನಿಲ್ಲಿಸಿದವರು ಆ ಘಟನೆಗಳ ಸಮಕಾಲೀನರೇ ಆಗಿದ್ದರು. ಆಧುನಿಕ ಯುದ್ಧಸ್ಮಾರಕಗಳ ಸಂಗತಿ ಹಾಗಲ್ಲ. ಅವುಗಳಲ್ಲಿ ಅನೇಕವು ಯುದ್ಧ ಮುಗಿದು ಅರ್ಧ ಶತಮಾನ, ಕೆಲವೊಮ್ಮೆ ಪೂರ್ಣ ಶತಮಾನ ಕಳೆದ ಮೇಲೆ ಎದ್ದವು. ಆಗ ಶಿಲೆಯ ಪಾಠವು ಯುದ್ಧದ ಕಾಲಕ್ಕಿಂತ ಅದನ್ನು ಬರೆಸಿದವರ ಕಾಲಕ್ಕೆ ಹೆಚ್ಚು ಸಾಕ್ಷಿಯಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯವಾದ ಜಾರ್ಜಿಯಾದ ಡಿಕಾಲ್ಬ್ ಕೌಂಟಿಯು ಈ ವಿಷಯದಲ್ಲಿ ಗಮನಾರ್ಹವಾದ ಕ್ಷೇತ್ರ.

ನಮ್ಮ ಜಿಲ್ಲೆಗೆ ಸ್ಥೂಲವಾಗಿ ಹೋಲಿಸಬಹುದಾದ ಈ ಆಡಳಿತ ಘಟಕ ರಚನೆಯಾದುದು 1822ರಲ್ಲಿ. ಇದರ ನೆಲ ಅದಕ್ಕೆ ಒಂದು ವರ್ಷ ಮೊದಲು, 1821ರ ಒಪ್ಪಂದದ ಮೂಲಕ, ಮಸ್ಕೋಗೀ (ಕ್ರೀಕ್) ಮೂಲನಿವಾಸಿಗಳಿಂದ ಪಡೆದದ್ದು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ 1780ರಲ್ಲಿ ಮಡಿದ ಜರ್ಮನ್ ಮೂಲದ ಸೇನಾನಿ ಯೋಹಾನ್ ಡಿ ಕಾಲ್ಬ್‌ನ ಹೆಸರನ್ನು ಕೌಂಟಿಗೆ ಇಡಲಾಯಿತು. ಆಡಳಿತ ಕೇಂದ್ರ ಡಿಕೇಟರ್ ಪಟ್ಟಣ. ಇಂದು ಅಟ್ಲಾಂಟ ಮಹಾನಗರದ ಪೂರ್ವಭಾಗ ಈ ಕೌಂಟಿಯೊಳಗೆ ಚಾಚಿಕೊಂಡಿದೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 7,64,382. ಅದರಲ್ಲಿ ಕಪ್ಪು ವರ್ಣದವರೇ ಬಹುಸಂಖ್ಯಾತರು. 1860ರಲ್ಲಾದರೋ ಇದು ಎಂಟು ಸಾವಿರಕ್ಕೂ ಕಡಮೆ ಜನರಿದ್ದ ಕೃಷಿಪ್ರದೇಶವಾಗಿದ್ದು, ಅವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಜನ ಗುಲಾಮರಾಗಿದ್ದರು.

ಈ ನೆಲದಲ್ಲಿ ನಡೆದ ಅತಿ ದೊಡ್ಡ ಯುದ್ಧಘಟನೆಯೆಂದರೆ 1864ರ ಜುಲೈ 22ರ ಅಟ್ಲಾಂಟ ಕದನ. ಉತ್ತರದ ಒಕ್ಕೂಟ ಸೈನ್ಯದ ಜನರಲ್ ಜೇಮ್ಸ್ ಮೆಕ್‌ಫರ್ಸನ್ ಮತ್ತು ದಕ್ಷಿಣದ ಕಾನ್ಫೆಡರಸಿಯ ಜನರಲ್ ವಿಲಿಯಂ ವಾಕರ್ ಇಬ್ಬರೂ ಅಂದೇ ಮಡಿದರು. ಅಂತರ್ಯುದ್ಧದಲ್ಲಿ ಒಂದು ಸೈನ್ಯದ ಮುಖ್ಯಾಧಿಪತಿಯಾಗಿದ್ದು ರಣರಂಗದಲ್ಲೇ ಮಡಿದ ಉತ್ತರದ ಸೇನಾನಿ ಮೆಕ್‌ಫರ್ಸನ್ ಒಬ್ಬನೇ. ಅವನ ಸ್ಮಾರಕ 1877ರದು, ವಾಕರನದು 1902ರದು. ಎರಡೂ ಒಂದೇ ಬಗೆಯವು: ಕಲ್ಲಿನ ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದ ಫಿರಂಗಿ ನಳಿಗೆ. ಈಗ ಮನೆಗಳ ಸಾಲುಗಳ ನಡುವೆ ನಿಂತಿರುವ ಇವು ಇಂಥ ವ್ಯಕ್ತಿ ಇಂಥ ದಿನ ಇಲ್ಲಿ ಬಿದ್ದನೆಂದು ಹೇಳುತ್ತವೆ, ಅಷ್ಟೇ. ಸ್ವರೂಪದ ದೃಷ್ಟಿಯಿಂದ ಡಿಕಾಲ್ಬ್‌ನ ಸ್ಮಾರಕಗಳಲ್ಲಿ ವೀರಗಲ್ಲಿಗೆ ಅತ್ಯಂತ ಸಮೀಪವಾದವು ಇವೇ ಎನ್ನಬಹುದು.

ಇನ್ನೊಂದು ವರ್ಗ ಇತಿಹಾಸ ಫಲಕಗಳದು. 1951ರಲ್ಲಿ ಜಾರ್ಜಿಯಾ ಸರ್ಕಾರ ಸ್ಥಾಪಿಸಿದ ಇತಿಹಾಸ ಆಯೋಗವು ರಾಜ್ಯದಾದ್ಯಂತ ರಸ್ತೆಬದಿಗಳಲ್ಲಿ ಎರಕದ ಅಲ್ಯೂಮಿನಿಯಂ ಫಲಕಗಳನ್ನು ನೆಡಿಸಿತು. ಹಸಿರು ಹಿನ್ನೆಲೆ, ಬಂಗಾರದ ಬಣ್ಣದ ಅಕ್ಷರಗಳು, ಮೇಲೆ ರಾಜ್ಯಲಾಂಛನ. ಡಿಕಾಲ್ಬ್‌ನ ಫಲಕಗಳಲ್ಲಿ ಬಹಳಷ್ಟು 1864ರ ದಂಡಯಾತ್ರೆಗೆ ಸಂಬಂಧಿಸಿದವು. ಅಟ್ಲಾಂಟ ದಂಡಯಾತ್ರೆಯ ಫಲಕಪಾಠಗಳನ್ನು ಸಿದ್ಧಪಡಿಸಿದವನು ಚಿತ್ರಕಾರನೂ ಸ್ಥಳೀಯ ಇತಿಹಾಸಕಾರನೂ ಆಗಿದ್ದ ವಿಲ್ಬರ್ ಕರ್ಟ್ಸ್. 1939ರ ‘ಗಾನ್ ವಿತ್ ದ ವಿಂಡ್’ ಚಲನಚಿತ್ರಕ್ಕೆ ಇತಿಹಾಸ ಸಲಹೆಗಾರನಾಗಿದ್ದವನೂ ಇವನೇ. ರಣಭೂಮಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಹಳೆಯ ದಾರಿಗಳನ್ನೂ ಮನೆಗಳ ನೆಲೆಗಳನ್ನೂ ಗುರುತಿಸುವುದರಲ್ಲಿ ಕರ್ಟ್ಸ್ ತೋರಿದ ಶ್ರದ್ಧೆ ಮೆಚ್ಚತಕ್ಕದ್ದು. ಯಾವ ದಳ ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಬಂದಿತೆಂಬುದು ಇವುಗಳಲ್ಲಿ ದೊರೆಯುತ್ತದೆ. ಕದನದ ಕೇಂದ್ರವಾಗಿದ್ದ ಲೆಗೆಟ್ ಗುಡ್ಡ ಹೆದ್ದಾರಿಗಾಗಿ ನೆಲಸಮವಾಗಿ ಹೋಗಿದೆ. ಅಂಥ ಕಡೆ ಕಣ್ಮರೆಯಾದ ಭೂರಚನೆಗೆ ಫಲಕಗಳೇ ಆಧಾರ. ಆದರೆ ಈ ಯುದ್ಧ ಏಕೆ ನಡೆಯಿತು, ಸೈನ್ಯಗಳು ಹಾದುಹೋದ ಹೊಲಗಳಲ್ಲಿ ದುಡಿಯುತ್ತಿದ್ದವರು ಯಾರು, ಆ ಬೇಸಿಗೆಯಲ್ಲಿ ಅವರ ಬಾಳಿನಲ್ಲಿ ಏನಾಯಿತು ಎಂಬ ಪ್ರಶ್ನೆಗಳನ್ನು ಇವು ತಮ್ಮ ವ್ಯಾಪ್ತಿಗೆ ತೆಗೆದುಕೊಳ್ಳಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿದ ದಶಕದಲ್ಲಿಯೇ ಈ ಪಾಠಗಳು ರಚಿತವಾದವು ಎಂಬುದನ್ನು ಮರೆಯುವಂತಿಲ್ಲ. ಫಲಕಗಳ ಕಾರ್ಯವನ್ನು 1998ರಿಂದ ಜಾರ್ಜಿಯಾ ಹಿಸ್ಟಾರಿಕಲ್ ಸೊಸೈಟಿ ನಿರ್ವಹಿಸುತ್ತ ಬಂದಿದ್ದು, ಅನಂತರದ ಪಾಠಗಳ ವಸ್ತುವ್ಯಾಪ್ತಿ ಹಿಗ್ಗಿದೆ.

ಡಿಕೇಟರಿನ ಹಳೆಯ ನ್ಯಾಯಾಲಯದ ಮುಂದೆ 1908ರಲ್ಲಿ ನಿಲ್ಲಿಸಿದ ಸೂಚೀಸ್ತಂಭವು ಈ ಕ್ಷೇತ್ರದ ಅತ್ಯಂತ ಮಹತ್ವದ ಲಿಖಿತ ಸಾಮಗ್ರಿ. ಎತ್ತರ 30 ಅಡಿ. ಇದರ ಹಿಂದೆ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಮಹಿಳಾ ಸಂಘಟನೆಯ ಸ್ಥಳೀಯ ಶಾಖೆಯಿತ್ತು. ನಾಲ್ಕೂ ಮುಖಗಳಲ್ಲಿ ಬರಹವಿದ್ದರೂ ಮಡಿದ ಸೈನಿಕರ ಹೆಸರುಗಳ ಪಟ್ಟಿ ಅಲ್ಲಿಲ್ಲ. ಅದರ ಬದಲು ಒಂದು ವಾದವಿದೆ: ರಾಜ್ಯಗಳೇ ಸೇರಿ ಒಕ್ಕೂಟವನ್ನು ರಚಿಸಿದವು, ಸಂವಿಧಾನ ಆ ಒಪ್ಪಂದಕ್ಕೆ ಸಾಕ್ಷಿ, ತಾವಾಗಿ ಒಪ್ಪಿದುದರ ಹೊರತು ಬೇರಾವ ಅಧಿಕಾರಕ್ಕೂ ರಾಜ್ಯದ ಜನ ಅಧೀನರಲ್ಲ. ಮಡಿದವರನ್ನು ‘ಒಪ್ಪಂದ ಪಾಲಿಸುವ ಜನಾಂಗ’ದವರೆಂದು ಕೊಂಡಾಡಲಾಗಿದೆ. ಸ್ಮಾರಕದ ಉದ್ದೇಶ ನ್ಯಾಯ ಸಲ್ಲಬೇಕು, ಸತ್ಯ ಅಳಿಯಬಾರದು ಎಂಬುದಂತೆ.

ಈ ಪಾಠವನ್ನು ಇತರ ಆಕರಗಳೊಡನೆ ತಾಳೆನೋಡಿದಾಗ ಎದ್ದುಕಾಣುವ ಸಂಗತಿಗಳು ಹಲವು. ಗುಲಾಮಗಿರಿಯ ಪ್ರಸ್ತಾಪ ಇದರಲ್ಲಿ ಇಲ್ಲವೇ ಇಲ್ಲ. ಆದರೆ 1861ರ ಜನವರಿಯಲ್ಲಿ ಜಾರ್ಜಿಯಾ ತಾನು ಒಕ್ಕೂಟದಿಂದ ಹೊರಬರಲು ಕಾರಣಗಳೇನೆಂದು ಹೊರಡಿಸಿದ ಘೋಷಣೆಯು ಆರಂಭದಲ್ಲೇ ಆಫ್ರಿಕನ್ ಗುಲಾಮಗಿರಿಯ ವಿಷಯವನ್ನು ಎತ್ತುತ್ತದೆ. ಯುದ್ಧಕ್ಕೆ ಹೊರಟವರು ಮುಚ್ಚುಮರೆಯಿಲ್ಲದೆ ಹೇಳಿದ್ದನ್ನು ಅವರನ್ನು ಸ್ಮರಿಸಿದವರು ಕೈಬಿಟ್ಟರು! ಇನ್ನು ದಾನಿಗಳ ಉಲ್ಲೇಖ. ಸ್ತಂಭವನ್ನು ನಿಲ್ಲಿಸಿದವರು ಡಿಕಾಲ್ಬ್ ಕೌಂಟಿಯ ಗಂಡಸರು, ಹೆಂಗಸರು, ಮಕ್ಕಳು ಎಂದು ಅದು ಸಾರುತ್ತದೆ. ಕೌಂಟಿಯ ಕಪ್ಪು ಜನರು ಈ ಎಣಿಕೆಯಲ್ಲಿ ಇಲ್ಲ. ಬಿಳಿಯರೂ ಒಮ್ಮತದವರಾಗಿರಲಿಲ್ಲ: 1861ರ ಅಧಿವೇಶನಕ್ಕೆ ಡಿಕಾಲ್ಬ್ ಆರಿಸಿದ್ದು ಪ್ರತ್ಯೇಕತೆಯನ್ನು ವಿರೋಧಿಸುತ್ತಿದ್ದ ಚಾರ್ಲ್ಸ್ ಮರ್ಫಿಯಂಥವರನ್ನು. ಆ ಭಿನ್ನಮತಕ್ಕೆ ಸ್ತಂಭದಲ್ಲಿ ಎಡೆಯಿಲ್ಲ.

ಪಾಠದ ಒಗಟು ಬಿಡಿಸಲು 1864ಕ್ಕಿಂತ 1908 ಹೆಚ್ಚು ನೆರವಾಗುತ್ತದೆ. 1906ರ ಸೆಪ್ಟೆಂಬರಿನಲ್ಲಿ, ಡಿಕೇಟರಿನಿಂದ ಕೆಲವೇ ಮೈಲಿ ದೂರದ ಅಟ್ಲಾಂಟದಲ್ಲಿ, ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆರಗಿ ಹತ್ಯಾಕಾಂಡ ನಡೆಸಿದವು. 1908ರಲ್ಲಿ ಜಾರ್ಜಿಯಾ ತನ್ನ ಸಂವಿಧಾನವನ್ನು ತಿದ್ದಿ, ಕಪ್ಪು ನಾಗರಿಕರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಸ್ತಂಭ ನಿಂತದ್ದು ಸ್ಮಶಾನದಲ್ಲಲ್ಲ, ನ್ಯಾಯಾಲಯದ ಬಾಗಿಲಲ್ಲಿ; ನ್ಯಾಯ ಬೇಡಿ ಬರುವ ಪ್ರತಿಯೊಬ್ಬರ ಎದುರಿನಲ್ಲಿ. ಈ ಹಿನ್ನೆಲೆಯಲ್ಲಿ ‘ಜನಾಂಗ’ ಎಂಬ ಪದ ಅಲ್ಲಿ ಆಕಸ್ಮಿಕವಾಗಿ ಬಂದುದೆಂದು ಒಪ್ಪುವುದು ಕಷ್ಟ.

ಕೌಂಟಿಯ ಪೂರ್ವಕ್ಕಿರುವ ಸ್ಟೋನ್ ಮೌಂಟನ್ ಎಂಬ ಏಕಶಿಲಾ ಬೆಟ್ಟದ ಉಬ್ಬುಶಿಲ್ಪ ಇದೇ ಪ್ರವೃತ್ತಿಯ ಬೃಹದ್ರೂಪ. ಅಲ್ಲಿ ಹೇಳಿಕೊಳ್ಳುವಂಥ ಕದನವಾವುದೂ ನಡೆಯಲಿಲ್ಲ. ಶಿಲ್ಪದಲ್ಲಿರುವ ಜೆಫರ್ಸನ್ ಡೇವಿಸ್, ರಾಬರ್ಟ್ ಲೀ, ಸ್ಟೋನ್‌ವಾಲ್ ಜ್ಯಾಕ್ಸನ್ ಮೂವರಲ್ಲಿ ಒಬ್ಬನೂ ಜಾರ್ಜಿಯಾದವನಲ್ಲ. 1915ರ ನವೆಂಬರಿನಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾತ್ಮಕ ಸಂಘಟನೆಗೆ ಮರುಹುಟ್ಟು ದೊರೆತುದು ಈ ಬೆಟ್ಟದ ನೆತ್ತಿಯಲ್ಲಿ. ಹೆಲೆನ್ ಪ್ಲೇನ್ ಎಂಬ ಮಹಿಳಾ ನಾಯಕಿಯ ಒತ್ತಾಸೆಯಿಂದ ಶಿಲ್ಪದ ಯೋಜನೆ ರೂಪುಗೊಂಡಿತು. 1923ರಲ್ಲಿ ಕೆತ್ತನೆ ಆರಂಭಿಸಿದ ಗಟ್ಸನ್ ಬೋರ್ಗ್ಲಂ ಎರಡೇ ವರ್ಷಗಳಲ್ಲಿ ಜಗಳವಾಡಿ ಹೊರನಡೆದು, ಮುಂದೆ ಮೌಂಟ್ ರಶ್‌ಮೋರ್ ಶಿಲ್ಪದಿಂದ ಪ್ರಸಿದ್ಧನಾದನು. ಅವನ ನಂತರ ಬಂದ ಅಗಸ್ಟಸ್ ಲ್ಯೂಕ್‌ಮನ್ ಹಿಂದಿನ ಕೆತ್ತನೆಯನ್ನು ಸಿಡಿಸಿ ಹೊಸದಾಗಿ ತೊಡಗಿದನಾದರೂ 1928ರಲ್ಲಿ ಕೆಲಸ ನಿಂತಿತು. ಮೂರು ದಶಕಗಳ ಕಾಲ ಬೆಟ್ಟ ಅರೆಕೆತ್ತಿದ ಸ್ಥಿತಿಯಲ್ಲೇ ಇತ್ತು. ಪೌರಹಕ್ಕುಗಳ ಚಳವಳಿ ಬಲಗೊಂಡ ಮೇಲೆ, 1958ರಲ್ಲಿ, ರಾಜ್ಯ ಸರ್ಕಾರ ಬೆಟ್ಟವನ್ನು ಕೊಂಡಿತು. 1963ರ ವಾಷಿಂಗ್ಟನ್ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಬೆಟ್ಟವನ್ನು ಹೆಸರಿಸಿದರು. ಮರುವರ್ಷ ಕೆತ್ತನೆ ಪುನರಾರಂಭವಾಯಿತು. 1970ರಲ್ಲಿ ಉದ್ಘಾಟನೆ, 1972ರಲ್ಲಿ ಮುಕ್ತಾಯ. 90 ಅಡಿ ಎತ್ತರ, 190 ಅಡಿ ಅಗಲದ ಈ ಶಿಲ್ಪವನ್ನು ಅಂತರ್ಯುದ್ಧದ ಸ್ಮಾರಕವೆಂದು ವರ್ಗೀಕರಿಸುವುದು ರೂಢಿ. ಕಾಲಮಾನದಿಂದ ಅದು ಇಪ್ಪತ್ತನೆಯ ಶತಮಾನದ ವರ್ಣಸಂಘರ್ಷದ ಸ್ಮಾರಕ.

ಇಂಥ ಸ್ಮಾರಕಗಳನ್ನು ಸರಿಸಲು ಜಾರ್ಜಿಯಾದ ಕಾನೂನು ಸುಲಭವಾಗಿ ಎಡೆಗೊಡುವುದಿಲ್ಲ. ಸ್ಟೋನ್ ಮೌಂಟನ್ ಶಿಲ್ಪಕ್ಕೆ ಅದು ಪ್ರತ್ಯೇಕ ರಕ್ಷಣೆ ನೀಡಿದೆ; 2019ರಲ್ಲಿ ಸ್ಮಾರಕ ಸಂರಕ್ಷಣೆಯ ವಿಧಿಗಳು ಮತ್ತಷ್ಟು ಬಿಗಿಯಾದವು. ಡಿಕೇಟರಿನ ಸ್ತಂಭಕ್ಕೆ ಬೇರೆ ನೆಲೆ ಹುಡುಕಲು ಕೌಂಟಿಯ ಆಡಳಿತ ಮಂಡಳಿ 2018ರಲ್ಲಿ ತೀರ್ಮಾನಿಸಿತಾದರೂ ಅದನ್ನು ಪಡೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ 2019ರ ಸೆಪ್ಟೆಂಬರಿನಲ್ಲಿ ಸ್ತಂಭದ ಪಕ್ಕದಲ್ಲಿ ಒಂದು ವಿವರಣಾ ಫಲಕವನ್ನು ನಿಲ್ಲಿಸಲಾಯಿತು. ಸ್ತಂಭವು ಬಿಳಿಯರ ಮೇಲ್ಮೆಯ ಸಿದ್ಧಾಂತಕ್ಕೆ ಒತ್ತಾಸೆಯಾಗಿ ನಿಂತುದೆಂದು ಅದು ಸ್ಪಷ್ಟವಾಗಿ ತಿಳಿಸಿತು. ಒಂದು ಶಾಸನವನ್ನು ಮತ್ತೊಂದು ಶಾಸನ ಪಕ್ಕದಲ್ಲೇ ನಿಂತು ಪ್ರಶ್ನಿಸಿದ ಈ ಸನ್ನಿವೇಶ ಒಂದು ವರ್ಷವೂ ಉಳಿಯಲಿಲ್ಲ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತನಾದ ಮೇಲೆ ದೇಶದೆಲ್ಲೆಡೆ ಪ್ರತಿಭಟನೆಗಳು ಎದ್ದವು. ಸ್ತಂಭವು ‘ಸಾರ್ವಜನಿಕ ಉಪದ್ರವ’ವಾಗಿದೆ ಎಂಬ ಡಿಕೇಟರ್ ನಗರದ ವಾದವನ್ನು ಒಪ್ಪಿ, ನ್ಯಾಯಾಧೀಶ ಕ್ಲಾರೆನ್ಸ್ ಸೀಲಿಗರ್ ಜೂನ್ 12ರಂದು ಅದನ್ನು ತೆಗೆಯಲು ಆದೇಶಿಸಿದರು. ಜೂನ್ 18ರ ರಾತ್ರಿ, ನೆರೆದ ಜನರ ಎದುರಿನಲ್ಲಿ, ಕ್ರೇನಿನಿಂದ ಅದನ್ನು ಕೆಳಗಿಳಿಸಲಾಯಿತು. ಸ್ಮಾರಕದ ಇತಿಹಾಸ ಸುಳ್ಳೋ ನಿಜವೋ ಎಂಬುದಕ್ಕಿಂತ ಸಾರ್ವಜನಿಕ ಶಾಂತಿ ಸುವ್ಯವಸ್ಥೆಯ ಪ್ರಶ್ನೆಯೇ ಇಲ್ಲಿ ನಿರ್ಣಾಯಕವಾಯಿತು. 1836ರ ಮೂಲನಿವಾಸಿಗಳೊಡನೆಯ ಯುದ್ಧದ ಕುರುಹೆಂದು ಅದೇ ಚೌಕದಲ್ಲಿ ಇರಿಸಿದ್ದ ಫಿರಂಗಿಯನ್ನು 2021ರಲ್ಲಿ ತೆಗೆಯಲಾಯಿತು. ಅದೇ ವರ್ಷ ಸ್ಟೋನ್ ಮೌಂಟನ್ ಉದ್ಯಾನದ ಆಡಳಿತವು ಅಲ್ಲಿನ ಕಾನ್ಫೆಡರಸಿ ಧ್ವಜಗಳನ್ನು ಸ್ಥಳಾಂತರಿಸಲು ನಿರ್ಧರಿಸಿತು. ಶಿಲ್ಪ ಮಾತ್ರ ಹಾಗೆಯೇ ಉಳಿದಿದೆ.

ಸ್ತಂಭವಿದ್ದ ಜಾಗದಲ್ಲಿ 2024ರ ಆಗಸ್ಟ್ 24ರಂದು ಜಾನ್ ಲೂಯಿಸ್ ಅವರ 12 ಅಡಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಪೌರಹಕ್ಕುಗಳ ಹೋರಾಟಗಾರರೂ 1987ರಿಂದ 2020ರಲ್ಲಿ ನಿಧನರಾಗುವವರೆಗೆ ಸಂಸತ್ ಸದಸ್ಯರೂ ಆಗಿದ್ದ ಇವರ ಪ್ರತಿಮೆಯನ್ನು ರೂಪಿಸಿದವರು ಜಮೈಕಾ ಮೂಲದ ಶಿಲ್ಪಿ ಬೇಸಿಲ್ ವಾಟ್ಸನ್. ಗುಂಪುಹತ್ಯೆಗೆ ಬಲಿಯಾದವರನ್ನು ಹೆಸರಿಸುವ ಫಲಕವೂ ಡಿಕೇಟರಿಗೆ ಬಂದಿದೆ. 1908ರ ಸ್ತಂಭದ ನಾಲ್ಕು ಮುಖಗಳಲ್ಲೂ ಇರದಿದ್ದ ವ್ಯಕ್ತಿನಾಮಗಳು ಈ ಫಲಕದಲ್ಲಿವೆ.

ಕೌಂಟಿಯ ಆಗ್ನೇಯ ಭಾಗದಲ್ಲಿ, ಲಿಥೋನಿಯಾ ಸಮೀಪದ ಫ್ಲಾಟ್ ರಾಕ್ ಎಂಬಲ್ಲಿ, ಗುಲಾಮರಾಗಿ ಬದುಕಿದವರ ಹಳೆಯ ಸ್ಮಶಾನವೊಂದಿದೆ. 1864ರ ಬೇಸಿಗೆಗೂ ಅದಕ್ಕೆ ಹಿಂದಿನ ದಶಕಗಳಿಗೂ ಸೇರಿದವರ ನೆಲೆ ಅದು. ಅಲ್ಲಿನ ಸಮಾಧಿಗಳನ್ನು ಹೊಲದಿಂದ ಆಯ್ದು ತಂದ ಒರಟು ಕಲ್ಲುಗಳನ್ನು ನೆಟ್ಟು ಗುರುತಿಸಲಾಗಿದೆ. ಅವುಗಳ ಮೇಲೆ ಬರಹವಿಲ್ಲ. ಯಾವ ಕುಟುಂಬಕ್ಕೆ ಯಾವ ಸಮಾಧಿ ಸೇರಿದ್ದೆಂಬುದನ್ನು ಆ ಊರಿನ ವಂಶಸ್ಥರು ಬಾಯಿಂದ ಬಾಯಿಗೆ ಬಂದ ನೆನಪು ಮತ್ತು ಚರ್ಚಿನ ದಾಖಲೆಗಳ ನೆರವಿನಿಂದ ಕಲೆಹಾಕುತ್ತಿದ್ದಾರೆ.