ಕಾರಣ ಸಿಗದ ಹಲ್ಲುನೋವು

ಹುಳುಕಿಲ್ಲ, ಕೀವಿಲ್ಲ, ಎಕ್ಸ್‌ರೇಯಲ್ಲೂ ಏನೂ ಕಾಣುವುದಿಲ್ಲ. ಆದರೂ ಹಲ್ಲಿನಲ್ಲೋ ಹಲ್ಲು ಕಿತ್ತ ಜಾಗದಲ್ಲೋ ಬಿಡದೆ ಕಾಡುವ ನೋವು. ದಿನಕ್ಕೆ 2 ಗಂಟೆಗೂ ಹೆಚ್ಚು ಹೊತ್ತು, 3 ತಿಂಗಳಿಗೂ ಮೀರಿ ಇದ್ದು, ಬೇರೆ ಕಾರಣ ಸಿಗದಿದ್ದರೆ ವೈದ್ಯಶಾಸ್ತ್ರ ಇದನ್ನು ಪ್ರತ್ಯೇಕ ಕಾಯಿಲೆಯೆಂದೇ ಎಣಿಸುತ್ತದೆ. ಮುಖದ ಸಂವೇದನೆ ಒಯ್ಯುವ ಟ್ರೈಜೆಮಿನಲ್ ನರವ್ಯವಸ್ಥೆಯ ಏರುಪೇರು ಇದರ ಮೂಲವಿರಬಹುದು. ಭ್ರಮೆಯಂತೂ ಅಲ್ಲ.

ಹಾಗೆಂದು ನಿರ್ಧರಿಸುವ ಮೊದಲು ಕೆಲವು ಕಾರಣಗಳನ್ನು ತಳ್ಳಿಹಾಕಬೇಕು. ಸೈನಸ್ ಸೋಂಕು ಮೇಲಿನ ದವಡೆಹಲ್ಲುಗಳಲ್ಲಿ ನೋವಾಗಿ ತೋರುತ್ತದೆ. ಕಚ್ಚಿ ಬಿಟ್ಟಾಗ ಚುಳುಕ್ಕೆಂದರೆ ಎಕ್ಸ್‌ರೇಗೂ ಕಾಣದ ಕೂದಲೆಳೆಯ ಬಿರುಕಿರಬಹುದು. ಅಡಿಕೆ ಬೆಳೆದು ಅಡಿಕೆಯನ್ನೇ ಜಗಿಯುವ ಬಂಟ್ವಾಳ ಸೀಮೆಯಲ್ಲಿ ಗಟ್ಟಿ ಅಡಿಕೆ ಜಗಿದು ಹಲ್ಲು ಬಿರಿದಿದೆಯೇ ಎಂಬುದು ಮೊದಲೇ ಕೇಳಬೇಕಾದ ಪ್ರಶ್ನೆ. ಗುಡ್ಡ ಹತ್ತುವಾಗ ಬಂದು, ಕುಳಿತರೆ ಇಳಿಯುವ ಕೆಳದವಡೆಯ ನೋವಿಗೆ ಹೃದಯವನ್ನೇ ತಪಾಸಿಸಬೇಕು.

ಆತಂಕ ನೋವನ್ನು ಹಿಗ್ಗಿಸುತ್ತದೆ: ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ರಾತ್ರಿ ಹಲ್ಲು ಕಚ್ಚಿಕೊಳ್ಳುವುದು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. 'ಕಿತ್ತೇಬಿಡಿ ಡಾಕ್ಟ್ರೇ' ಎಂಬ ಹಟ ಇಲ್ಲಿ ಹುಟ್ಟುತ್ತದೆ. ಕಿತ್ತರೂ, ರೂಟ್ ಕೆನಾಲ್ ಮಾಡಿಸಿದರೂ ನೋವು ಉಳಿಯಬಹುದು, ಪಕ್ಕದ ಹಲ್ಲಿಗೂ ದಾಟಬಹುದು. ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ (ವೈದ್ಯರ ಚೀಟಿಯ ಮೇಲೆ ಮಾತ್ರ) ಮತ್ತು ಆಪ್ತಸಮಾಲೋಚನೆ ಕೆಲವರಿಗೆ ನೆರವಾಗುತ್ತವೆ.

ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಪುತ್ತೂರು–ಮಡಿಕೇರಿ ರಸ್ತೆ ಕವಲೊಡೆಯುವ ಮಾಣಿಯವರಿಗೆ ಎರಡೂ ದಿಕ್ಕಿನಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ: ಪಶ್ಚಿಮಕ್ಕೆ ಮಂಗಳೂರು, ದೇರಳಕಟ್ಟೆ; ಇತ್ತ ಪುತ್ತೂರು ದಾಟಿದರೆ ಸುಳ್ಯ. ಅಲ್ಲಿ ಕೇಳಬೇಕಾದದ್ದು ಓರಲ್ ಮೆಡಿಸಿನ್ ವಿಭಾಗ. ಆತಂಕಕ್ಕೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.