ತಂತ್ರಾಂಶದ ಸ್ವಯಂಚಾಲಿತ ಸ್ಥಾಪನೆ

ಅನೇಕ ಗಣಕಯಂತ್ರಗಳಲ್ಲಿ ಒಂದೇ ತಂತ್ರಾಂಶವನ್ನು, ಪ್ರತಿಯೊಂದರ ಮುಂದೆಯೂ ಕುಳಿತು ಅದು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಶ್ರಮವಿಲ್ಲದೆ, ಪೂರ್ವಲಿಖಿತ ಉತ್ತರಕಡತದ ಆಧಾರದಿಂದ ನೆಲೆಗೊಳಿಸುವ ವಿಧಾನ. ತುಂಗಭದ್ರೆಯ ನೀರು ಕಾಲುವೆಯಿಂದ ಕವಲೊಡೆದು ಕಂಪ್ಲಿಯ ಗದ್ದೆಗದ್ದೆಗೂ ಹರಿಯುವಂತೆ, ಇಲ್ಲಿ ಒಂದು ಸರ್ವರಿನಿಂದ ಜಾಲದ ಮೂಲಕ ಸಕಲ ಯಂತ್ರಗಳಿಗೂ ಸಾಮಗ್ರಿ ತಲುಪುತ್ತದೆ.

ಕನ್ನಡದ ಮಟ್ಟಿಗೆ ಇದರ ಪ್ರಯೋಜನವನ್ನು ಸ್ಪಷ್ಟಪಡಿಸುವ ನಿದರ್ಶನ 2001ರ ವಿಂಡೋಸ್ ಎಕ್ಸ್‌ಪಿ. ಹಂಪಿಯ ಮಗ್ಗುಲಲ್ಲಿ ಹರಿಯುವ ನದಿಯ ಅರ್ಧ ಹೆಸರನ್ನು ಹೊತ್ತ ‘ತುಂಗಾ’ ಎಂಬ ಅಕ್ಷರವಿನ್ಯಾಸವು ಅದರೊಡನೆ ಬಂದಿತ್ತಾದರೂ, ಒತ್ತಕ್ಷರಗಳು ಯಥಾವತ್ತಾಗಿ ಮೂಡಬೇಕಾದರೆ ಭಾಷಾವಿಭಾಗದ ಒಂದು ಚೌಕದಲ್ಲಿ ಗುರುತು ಹಾಕಿ, ಬಹುಮಟ್ಟಿಗೆ ಮೂಲ ಸಿ.ಡಿ.ಯನ್ನೂ ಮತ್ತೆ ಹಾಕಬೇಕಾಗಿತ್ತು. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ, ಮೂವತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಇದು ಇಡೀ ದಿನದ ತಪಸ್ಸೇ ಸರಿ! ಉತ್ತರಕಡತದಲ್ಲಿ ಭಾರತೀಯ ಭಾಷಾಗುಂಪಿನ ಸಂಖ್ಯೆಯಾದ 15ನ್ನು ಒಮ್ಮೆ ನಮೂದಿಸಿದರೆ ಆ ತಪಸ್ಸು ತಪ್ಪುತ್ತಿತ್ತು.

ಲಿನಕ್ಸ್ ಪ್ರಪಂಚದಲ್ಲಿ ರೆಡ್ ಹ್ಯಾಟಿನ ಕಿಕ್‌ಸ್ಟಾರ್ಟ್, ಡೆಬಿಯನ್ನಿನ ಪ್ರಿಸೀಡ್ ಎಂಬವು ಇದೇ ಕಾರ್ಯವನ್ನು ನಿರ್ವಹಿಸುತ್ತವೆ. 2012ರಲ್ಲಿ ಬಂದ ಆನ್ಸಿಬಲ್, ಸ್ಥಾಪನೆಯಾದ ಅನಂತರವೂ ಯಂತ್ರಗಳನ್ನು ಏಕರೂಪದಲ್ಲಿರಿಸುತ್ತದೆ. ಉತ್ತರಕಡತದ ಒಂದು ದೋಷವು ಎಲ್ಲ ಯಂತ್ರಗಳ ದೋಷವಾಗುವುದರಿಂದ, ಮೊದಲು ಒಂದರಲ್ಲಿ ಪರೀಕ್ಷಿಸಿ ನೋಡುವುದು ವಿಹಿತ. ಉತ್ತರಕಡತದಲ್ಲಿ ಗುಪ್ತಪದವನ್ನೂ ಬರೆದಿರುವುದುಂಟು. ಕಾರ್ಯ ಮುಗಿದೊಡನೆ ಅದನ್ನು ಅಳಿಸತಕ್ಕದ್ದು.